ಬೈಸಿಕೊಳ್ಳಲು ಹೊರಟ ರೇಡಿಯೋದವರು

ಪತ್ರಿಕೆಯ ಒಳಪುಟದಲ್ಲಿ, ಅಡಿಕೆ ಧಾರಣೆಯ ಪಕ್ಕದಲ್ಲಿ, ಅವರ ಸಾವಿನ ಸುದ್ದಿ ಬಂದಿತ್ತು. 'ಹಿರಿಯ ಪತ್ರಕರ್ತ ನಿಧನ' ಎಂಬ ತಲೆಬರಹ, ಅದರ ಕೆಳಗೆ ಕೆಲವೇ ಸಾಲು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕುಗಳ ರಾಜಕೀಯವನ್ನು ಅರ್ಧ ಆಯುಷ್ಯ ಬರೆದವರ ಬಗ್ಗೆ ಬರೆದ ಸುದ್ದಿಯಲ್ಲಿ 'ಅವಿವಾಹಿತರಾಗಿದ್ದ ಅವರು ಸಹೋದರಿ ಹಾಗೂ ಅಪಾರ ಬಂಧುಬಳಗವನ್ನು ಅಗಲಿದ್ದಾರೆ' ಎಂಬುದೇ ಎಲ್ಲಕ್ಕಿಂತ ಉದ್ದದ ವಾಕ್ಯ. ಸಹೋದರಿ ಇದ್ದದ್ದು ನಿಜ. ಅಪಾರ ಬಂಧುಬಳಗ ಎಲ್ಲಿತ್ತೋ ನನಗೆ ಗೊತ್ತಿಲ್ಲ. ಅವರೇ ಆ ಸುದ್ದಿಯನ್ನು ತಿದ್ದಿದ್ದರೆ ಆ ಎರಡು ಪದಗಳ ಮೇಲೆ ಗೀಟು ಎಳೆಯುತ್ತಿದ್ದರು.

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ನಮ್ಮ ಕಡೆ ಹೆಸರು ಹೇಳಿದ ಕೂಡಲೇ ಜಾತಿ ಗೊತ್ತಾಗುತ್ತದೆ, ಜಾತಿ ಗೊತ್ತಾದರೆ ಯಾವ ಪಕ್ಷದ ಕಡೆಯವರು ಎಂದು ಜನ ತಾವೇ ತೀರ್ಮಾನ ಮಾಡಿಕೊಳ್ಳುತ್ತಾರೆ. ಅವರು ಬದುಕಿದ್ದಷ್ಟು ಕಾಲ ತಪ್ಪಿಸಿಕೊಳ್ಳಲು ನೋಡಿದ್ದು ಅದೊಂದರಿಂದಲೇ. ಹೇಗೂ ಊರಿನಲ್ಲಿ ಯಾರೂ ಅವರ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಅವರು 'ರೇಡಿಯೋದವರು'.

ನಾನು ಅವರ ಮುಖ ನೋಡುವುದಕ್ಕೆ ಎಷ್ಟೋ ವರ್ಷ ಮೊದಲೇ ದನಿ ಕೇಳಿದ್ದೆ. ವಾರಕ್ಕೊಮ್ಮೆ ರೇಡಿಯೋದಲ್ಲಿ ಜಿಲ್ಲೆಯ ರಾಜಕೀಯದ ಬಗ್ಗೆ ಅವರದೊಂದು ವರದಿ ಬರುತ್ತಿತ್ತು. ನಮ್ಮ ಮನೆಯಲ್ಲಿ ಅದು ಬರುವ ಹೊತ್ತಿಗೆ ಅಪ್ಪ ಒಂದು ಕೈ ಎತ್ತಿ ಹಿಡಿಯುತ್ತಿದ್ದರು, ಅಡುಗೆಮನೆಯ ಪಾತ್ರೆ ಸದ್ದು ಕೂಡ ನಿಲ್ಲಬೇಕಿತ್ತು. ಬಿ.ಎ. ಮುಗಿಸಿ ಕೆಲಸ ಹುಡುಕುತ್ತಿದ್ದಾಗ ಕೊಪ್ಪದ ಕೇಬಲ್ ಟೀವಿಯವರು ವಾರ್ತೆ ಓದಲು ಹುಡುಗಿ ಬೇಕು ಎಂದಿದ್ದಾರೆ ಎಂದು ಯಾರೋ ಹೇಳಿದರು. ಬಸ್‌ಸ್ಟ್ಯಾಂಡಿನ ಹತ್ತಿರ, ಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿ ಅವರ ಸ್ಟುಡಿಯೋ. ಗೋಡೆಗೆ ಕಂಬಳಿ ಹೊಡೆದಿದ್ದರು, ಹಿಂದೆ ನೀಲಿ ಬಟ್ಟೆ ಇಳಿಬಿಟ್ಟಿದ್ದರು. ನಾನು ಒಳಗೆ ಕಾಲಿಡುತ್ತಿದ್ದ ಹಾಗೆ, "ಬಾಗಿಲು ಹಾಕಮ್ಮ, ಬಸ್ಸಿನ ಸದ್ದು ಬರ್ತದೆ" ಎಂದರು ಯಾರೋ. ನಾನು ತಿರುಗಿ ರೇಡಿಯೋ ಎಲ್ಲಿದೆ ಎಂದು ಹುಡುಕಿದೆ.

ರೇಡಿಯೋ ಇರಲಿಲ್ಲ. ಸಣಕಲು ಮೈ, ಅರ್ಧ ತೋಳಿನ ಬಿಳಿ ಅಂಗಿ, ಕಾಲರಿಗೆ ಹಿಂದಿನಿಂದ ಸಿಕ್ಕಿಸಿದ ಕೊಡೆ. ಆ ದೊಡ್ಡ ದನಿ ಈ ಮೈಯಿಂದ ಬರುತ್ತದೆ ಎಂದು ನಂಬಲಾಗಲಿಲ್ಲ. ಅವರೇ ಅಲ್ಲಿನ ಸುದ್ದಿಯ ಮುಖ್ಯಸ್ಥರು, ರಾಜಕೀಯದ ಸುದ್ದಿ ಓದುವವರೂ ಅವರೇ. ಒಂದು ಅಪಘಾತದ ಸುದ್ದಿ ಕೊಟ್ಟು ಓದಲು ಹೇಳಿದರು. ನಾನು ಕಾಲೇಜಿನ ನಾಟಕದಲ್ಲಿ ಪಾರ್ಟು ಮಾಡಿದವಳು, ದನಿ ನಡುಗಿಸಿ ಓದಿದೆ.

"ಅಳೋದು ಕೇಳೋರ ಕೆಲಸ," ಎಂದರು. "ನೀನು ಹೇಳು ಸಾಕು. ಇನ್ನೊಂದು ಸಲ ಓದು."

ಅಂತೂ ಕೆಲಸ ಸಿಕ್ಕಿತು. ಶೃಂಗೇರಿ ಬಸ್ಸು ಹೊರಟು ಮುಂದಿನ ಬಸ್ಸು ಬರುವುದರೊಳಗೆ ವಾರ್ತೆ ರೆಕಾರ್ಡ್ ಮುಗಿಸಬೇಕಿತ್ತು, ಇಲ್ಲದಿದ್ದರೆ ಮುಖ್ಯಮಂತ್ರಿಯ ಹೇಳಿಕೆಯ ನಡುವೆ ಕಂಡಕ್ಟರನ ಸೀಟಿ ಕೇಳುತ್ತಿತ್ತು. ಕೊಪ್ಪ, ಹರಿಹರಪುರದವರು ಅಂದಿನ ವಾರ್ತೆ ಅಂದೇ ನೋಡುತ್ತಿದ್ದರು. ಶೃಂಗೇರಿಗೂ ನರಸಿಂಹರಾಜಪುರಕ್ಕೂ ಕ್ಯಾಸೆಟ್ಟನ್ನು ಬಸ್ಸಿನಲ್ಲಿ ಕಳಿಸಿ ಮರುದಿನ ಹಾಕಿಸುತ್ತಿದ್ದೆವು. ಅದಕ್ಕೇ ಅವರು 'ಇಂದು', 'ನಿನ್ನೆ' ಎಂದು ಬರೆಯಲು ಬಿಡುತ್ತಿರಲಿಲ್ಲ, ವಾರದ ಹೆಸರನ್ನೇ ಹೇಳಿಸುತ್ತಿದ್ದರು.

ಅವರು ರಾಜಕಾರಣಿಗಳನ್ನು ಎಷ್ಟು ಖಾರವಾಗಿ ಟೀಕಿಸಿದರೂ 'ಶ್ರೀ' ಬಿಡುತ್ತಿರಲಿಲ್ಲ, ಬಹುವಚನ ತಪ್ಪುತ್ತಿರಲಿಲ್ಲ. ಚುನಾವಣೆ ಘೋಷಣೆಯಾದ ದಿನದಿಂದ ಫಲಿತಾಂಶದವರೆಗೆ ಯಾರ ಮನೆಯಲ್ಲೂ ಕಾಫಿ ಕುಡಿಯುತ್ತಿರಲಿಲ್ಲ, ಫ್ಲಾಸ್ಕು ಹಿಡಿದು ತಿರುಗುತ್ತಿದ್ದರು. ಬರೆದದ್ದರಲ್ಲಿ ಏನಾದರೂ ಖಚಿತವಾಗದಿದ್ದರೆ 'ತಿಳಿದುಬಂದಿಲ್ಲ' ಎಂದೇ ಬರೆಯುವರು. ವಾರ್ತೆಯಲ್ಲಿ ಎಷ್ಟೊಂದು 'ತಿಳಿದುಬಂದಿಲ್ಲ' ಎಂದು ಕೇಬಲ್ ಮಾಲೀಕರು ಗೊಣಗಿದರೆ, "ನಿಮಗೆ ತಿಳಿದಿದ್ರೆ ಹೇಳಿ, ಹಾಕ್ತೇನೆ" ಎನ್ನುವರು.

ಒಮ್ಮೆ ಅವರ ಜೊತೆ ಬಸ್ಸಿನಲ್ಲಿ ಜಯಪುರಕ್ಕೆ ಹೋಗಿದ್ದೆ. ಕಂಡಕ್ಟರ್ ಚಿಲ್ಲರೆ ಕೊಡದೆ ಹಿಂದಕ್ಕೆ ಹೋದ. ಇವರು ಸುಮ್ಮನೆ ಕಿಟಕಿಯ ಹೊರಗೆ ನೋಡುತ್ತಾ ಕೂತರು. ಕೇಳಿ ಸರ್ ಎಂದೆ.

"ಈ ದನಿ ಇಟ್ಕೊಂಡು ಜಗಳ ಆಡೋಕೆ ಆಗಲ್ಲ ಮಾರಾಯ್ತಿ," ಎಂದರು ಮೆಲ್ಲಗೆ. "ಬಾಯಿ ಬಿಟ್ರೆ ಇಡೀ ಬಸ್ಸು ವಾರ್ತೆ ಅಂತ ಕಿವಿ ಕೊಡ್ತದೆ."

ಹೀಗೆ ಎಲ್ಲರಿಗೂ ಗೊತ್ತಿದ್ದ ಮನುಷ್ಯನಿಗೆ ಹತ್ತಿರದವರು ಅಂತ ಇದ್ದದ್ದು ಒಂದೇ ಮನೆ. ಹರಿಹರಪುರದ ವಾಸಣ್ಣನದು. ಇಬ್ಬರೂ ಕಾಲೇಜಿನಲ್ಲಿ ಒಂದೇ ರೂಮಿನಲ್ಲಿದ್ದವರು. ವಾಸಣ್ಣ ವಿದ್ಯಾರ್ಥಿ ಸಂಘದ ಚುನಾವಣೆಗೆ ನಿಂತಾಗ ಭಾಷಣ ಬರೆದುಕೊಟ್ಟವರು ಇವರು. ಆಮೇಲೆ ವಾಸಣ್ಣ ಊರಿಗೆ ಬಂದು ಗದ್ದೆ ತೋಟ ನೋಡಿಕೊಳ್ಳುತ್ತಾ ರಾಜಕೀಯಕ್ಕೂ ಇಳಿದರು, ಇವರು ಕೊಪ್ಪದಲ್ಲಿ ಎರಡು ಕೋಣೆ ಬಾಡಿಗೆ ಹಿಡಿದು ಸುದ್ದಿಗೆ ಇಳಿದರು. ಭಾನುವಾರ ಮಧ್ಯಾಹ್ನದ ಊಟ ಮಾತ್ರ ಯಾವಾಗಲೂ ವಾಸಣ್ಣನ ಮನೆಯಲ್ಲಿ.

ಒಂದು ಭಾನುವಾರ ನನ್ನನ್ನೂ ಕರೆದುಕೊಂಡು ಹೋಗಿದ್ದರು. ವಾಸಣ್ಣನ ಹೆಂಡತಿ ಸರೋಜಕ್ಕ ಕಳಲೆ ಪಲ್ಯ, ಪತ್ರೊಡೆ ಮಾಡಿದ್ದರು. ಎಲೆಯ ಮುಂದೆ ಕೂತ ಗೆಳೆಯರು ಅನ್ನಕ್ಕೆ ಕೈ ಹಾಕುವ ಮೊದಲೇ ಜಗಳ ಶುರು ಮಾಡಿದರು. ಯಾವುದೋ ಪಕ್ಷ ಒಡೆದದ್ದು ಸರಿಯೋ ತಪ್ಪೋ ಎಂದು ಜಗಳ. ವಾಸಣ್ಣ ಎಡಗೈಯಲ್ಲಿ ನೆಲ ಗುದ್ದುತ್ತಿದ್ದರು. ಇವರು, ಬಸ್ಸಿನಲ್ಲಿ ಬಾಯಿ ಬಿಡದವರು, ಆ ಮನೆಯಲ್ಲಿ ದನಿ ಎತ್ತಿ ಕೂಗಾಡುತ್ತಿದ್ದರು.

"ನೀ ಹೆದರ್ಬೇಡ ಕೂಸೇ," ಎಂದರು ಸರೋಜಕ್ಕ ನನಗೆ ಬಡಿಸುತ್ತಾ. "ಅಣ್ಣಯ್ಯಂಗೆ ವಾರ ಇಡೀ ಬೈಯೋಕೆ ಯಾರೂ ಸಿಕ್ಕೋದಿಲ್ಲ. ಇಲ್ಲಿ ಬಂದು ಬೈದು ಉಂಡು ಹೋಗ್ತಾರೆ."

ವಾಸಣ್ಣ ಒಳ್ಳೆಯ ಮನುಷ್ಯ. ಯಾರಿಗಾದರೂ ಕಾಯಿಲೆ ಎಂದರೆ ಜೀಪು ತೆಗೆದುಕೊಂಡು ತಾವೇ ಆಸ್ಪತ್ರೆಗೆ ಕರೆದೊಯ್ಯುವವರು. ಯಾರಿಗೂ ಇಲ್ಲ ಎನ್ನಲಾಗುತ್ತಿರಲಿಲ್ಲ ಅವರಿಗೆ. ಅದೇ ಕಷ್ಟಕ್ಕೆ ಬಂತು.

ಎರಡು ಸಾವಿರದ ಇಸವಿ ದಾಟಿದ ಮೊದಲ ವರ್ಷಗಳಲ್ಲಿ ಬಂದ ವಿಧಾನಸಭಾ ಚುನಾವಣೆಗೆ ವಾಸಣ್ಣ ನಿಂತರು. ಮೂರೂ ತಾಲ್ಲೂಕು ಸೇರಿ ಒಂದೇ ಕ್ಷೇತ್ರ. ಗೆಲ್ಲುವುದು ಅವರೇ ಎಂದು ಬಸ್‌ಸ್ಟ್ಯಾಂಡಿನಲ್ಲಿ ಮಾತು. ಘೋಷಣೆಯಾದ ದಿನವೇ ಇವರು ಭಾನುವಾರದ ಊಟ ನಿಲ್ಲಿಸಿದರು. ಸರೋಜಕ್ಕ ಯಾರ ಕೈಯಲ್ಲೋ ಕಳಿಸಿದ ಕಡುಬಿನ ಡಬ್ಬಿಯನ್ನೂ ಹಾಗೇ ವಾಪಸು ಕಳಿಸಿದರು. "ಫಲಿತಾಂಶ ಬರ್ಲಿ, ಆಮೇಲೆ ಎರಡು ಊಟ ಒಟ್ಟಿಗೆ ಮಾಡ್ತೇನೆ ಅಂತ ಹೇಳು" ಎಂದು ಡಬ್ಬಿ ತಂದವನ ಹತ್ತಿರ ಹೇಳಿದ್ದು ನನಗೆ ನೆನಪಿದೆ.

ಆ ಹೊತ್ತಿಗೆ ಕಾಡನ್ನು ರಾಷ್ಟ್ರೀಯ ಉದ್ಯಾನ ಮಾಡಿದ್ದರಿಂದ ಅಲ್ಲಿ ಮನೆ ಮಾಡಿಕೊಂಡಿದ್ದವರನ್ನು ಹೊರಗೆ ತರುವ ಮಾತು ಎಲ್ಲೆಲ್ಲೂ ನಡೆಯುತ್ತಿತ್ತು. ಕಿಗ್ಗದ ಆಚೆ, ಕಾಡಿನ ಒಳಗೆ ಚದುರಿಕೊಂಡಿದ್ದ ಮನೆಗಳವರು ತಲೆಮಾರುಗಳಿಂದ ಅಲ್ಲೇ ಇದ್ದವರು, ಹೆಚ್ಚಿನವರು ಕೂಲಿ ಮಾಡುವವರು. ಅವರನ್ನು ಏಳಿಸಬಾರದು ಎನ್ನುವವರು ಒಂದು ಕಡೆ. ಪರಿಹಾರ ಕೊಟ್ಟು ಹೊರಗೆ ಜಾಗ ಕೊಟ್ಟರೆ ಅವರಿಗೇ ಒಳ್ಳೆಯದು ಎನ್ನುವವರು ಇನ್ನೊಂದು ಕಡೆ. ವಾಸಣ್ಣ ಕಿಗ್ಗದ ಸಭೆಯಲ್ಲಿ, ಒಂದು ಮನೆಯನ್ನೂ ಏಳಿಸಲು ಬಿಡುವುದಿಲ್ಲ ಎಂದರು. ಮುಂದಿನ ವಾರ ನರಸಿಂಹರಾಜಪುರದಲ್ಲಿ, ಪರಿಹಾರ ಕೊಡಿಸಿ ಎಲ್ಲರನ್ನೂ ಹೊರಗೆ ತರುತ್ತೇನೆ ಎಂದರು. ಎರಡು ಕಡೆಯೂ ಚಪ್ಪಾಳೆ ಬಿತ್ತು. ಎರಡು ಕಡೆಯೂ ಇವರು ಇದ್ದರು.

ಕೇಬಲ್ ಮಾಲೀಕರು ಆ ಸಲ ಹೊಸ ಕಾರ್ಯಕ್ರಮ ಮಾಡಿದರು. ಕೊಪ್ಪದ ಕಲ್ಯಾಣ ಮಂಟಪದಲ್ಲಿ ಅಭ್ಯರ್ಥಿಗಳನ್ನೆಲ್ಲ ಸಾಲಾಗಿ ಕೂರಿಸಿ, ಜನರ ಎದುರು ಇವರು ಪ್ರಶ್ನೆ ಕೇಳುವುದು, ಅದು ನೇರವಾಗಿ ಟೀವಿಯಲ್ಲಿ ಬರುವುದು. ನಾನು ವೇದಿಕೆಯ ಪಕ್ಕದಲ್ಲಿ ಹೆಸರು ಓದಿ ಪರಿಚಯ ಮಾಡುವವಳು. ಮಂಟಪದಲ್ಲಿ ನಿಲ್ಲಲೂ ಜಾಗವಿರಲಿಲ್ಲ.

ವಾಸಣ್ಣ ಬಂದವರೇ ಮೈಕು ಸರಿಮಾಡುತ್ತಿದ್ದ ಇವರ ಬೆನ್ನಿಗೆ ಒಂದು ಗುದ್ದು ಕೊಟ್ಟರು.

"ಎಂತದಾ, ನಂಗೆ ಎಂತ ಕೇಳ್ತೀಯ?"

"ಕೇಳುವಾಗ ಗೊತ್ತಾಗ್ತದೆ."

"ಸುಲಭದ್ದು ಕೇಳು ಮಾರಾಯ. ಸರೋಜ ಬೆಳಗ್ಗಿಂದ ಟೀವಿ ಎದುರು ಕೂತಿದ್ದಾಳೆ."

ವಾಸಣ್ಣ ನಗುತ್ತಾ ಹೋಗಿ ಕುರ್ಚಿಯಲ್ಲಿ ಕೂತರು. ಇವರು ನಗಲಿಲ್ಲ. ನೀರು ಕುಡಿದರು, ಮತ್ತೆ ನೀರು ಕುಡಿದರು. ಹುಷಾರಿಲ್ಲವಾ ಸರ್ ಎಂದು ಕೇಳಿದೆ. ಪ್ರಶ್ನೆಯ ಹಾಳೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡರು.

ಬೇರೆಯವರ ಸರದಿ ಮುಗಿದು ವಾಸಣ್ಣನ ಸರದಿ ಬಂತು. ರೇಡಿಯೋದಲ್ಲಿ ಕೇಳಿದ ಅದೇ ನಿಧಾನದ ದನಿಯಲ್ಲಿ ಇವರು ಕೇಳಿದರು. "ಶ್ರೀ ವಾಸುದೇವ ಅವರೇ, ಕಾಡಿನಲ್ಲಿರುವ ಒಂದು ಮನೆಯನ್ನೂ ಏಳಿಸಲು ಬಿಡುವುದಿಲ್ಲ ಎಂದು ನೀವು ಕಿಗ್ಗದಲ್ಲಿ ಹೇಳಿದಿರಿ. ಎಲ್ಲರನ್ನೂ ಹೊರಗೆ ತರುತ್ತೇನೆ ಎಂದು ನರಸಿಂಹರಾಜಪುರದಲ್ಲಿ ಹೇಳಿದಿರಿ. ಎರಡನ್ನೂ ನಾನು ಕಿವಿಯಾರೆ ಕೇಳಿದ್ದೇನೆ. ನಿಮ್ಮ ಮಾತು ಇವೆರಡರಲ್ಲಿ ಯಾವುದು?"

ವಾಸಣ್ಣನ ಮುಖದಲ್ಲಿ ನಗು ಇನ್ನೂ ಇತ್ತು. ತೆಗೆಯುವುದು ಹೇಗೆಂದು ಗೊತ್ತಾಗದೆ ಉಳಿದಿದ್ದ ನಗು ಅದು. "ಅದು... ಆಯಾ ಸಂದರ್ಭ ನೋಡಿ ಹೇಳಿದ್ದು," ಎಂದರು. ಹಿಂದಿನ ಸಾಲುಗಳಲ್ಲಿ ಗಲಾಟೆ ಶುರುವಾಯಿತು. ಇವರು ಕೈ ಎತ್ತಿ ಅದು ನಿಲ್ಲುವವರೆಗೆ ಕಾದು, ಮತ್ತೆ ಅದೇ ದನಿಯಲ್ಲಿ ಕೇಳಿದರು. "ಯಾವ ಸಂದರ್ಭದ್ದು ನಿಮ್ಮ ಮಾತು?"

ವಾಸಣ್ಣ ಕ್ಯಾಮೆರಾ ಮರೆತರು, ಸಭೆ ಮರೆತರು. ಎಲೆಯ ಮುಂದೆ ಕೂತಾಗ ನೋಡುತ್ತಿದ್ದ ಹಾಗೆ ಗೆಳೆಯನನ್ನು ನೋಡಿ, "ನೀನೇ ಕೇಳ್ತೀಯನಾ ಇದನ್ನ?" ಎಂದರು.

ಇವರು ತಲೆ ತಗ್ಗಿಸಿ ಮುಂದಿನ ಅಭ್ಯರ್ಥಿಯ ಹೆಸರು ಕರೆದರು.

ಆ ಮಾತನ್ನು ಕೊಪ್ಪದವರು ಆಗಲೇ ಕೇಳಿದರು, ಉಳಿದೆರಡು ತಾಲ್ಲೂಕಿನವರು ಮರುದಿನ ಕೇಳಿದರು. ವಾರದೊಳಗೆ ಅದು ಊರಿನ ತಮಾಷೆಯಾಯಿತು. ಹೋಟೆಲಿನಲ್ಲಿ ಮಾಣಿ ಬಿಲ್ಲು ತಂದಿಟ್ಟರೆ "ನೀನೇ ಕೇಳ್ತೀಯನಾ ಇದನ್ನ?" ಎಂದು ಗಿರಾಕಿಗಳು ನಗುತ್ತಿದ್ದರು. ಎದುರಾಳಿಗಳು ಪ್ರಚಾರದ ಜೀಪಿನ ಮೈಕಿನಲ್ಲೂ ಅದನ್ನು ಕೂಗಿದರು. ವಾಸಣ್ಣ ಸೋತರು. ಆ ಒಂದು ಪ್ರಶ್ನೆಯಿಂದಲೇ ಸೋತರೋ, ಬೇರೆ ಕಾರಣವಿತ್ತೋ, ಇವರ ಭಾಷೆಯಲ್ಲೇ ಹೇಳುವುದಾದರೆ, ತಿಳಿದುಬಂದಿಲ್ಲ. ಆದರೆ ಊರು ಹಾಗೆಂದು ತೀರ್ಮಾನ ಮಾಡಿತು.

ಗೆದ್ದವರು ಬೆಂಬಲಿಗರ ಜೊತೆ ಹಾರ ಹಿಡಿದು ಸ್ಟುಡಿಯೋದ ಮೆಟ್ಟಿಲು ಹತ್ತಿ ಬಂದರು. ಇವರು ಎದ್ದು ನಿಂತು, ಎರಡೂ ಕೈ ಮುಗಿದು, "ಅದನ್ನ ಇಲ್ಲಿ ಹಾಕೋದು ಬೇಡಿ. ನಾನು ಯಾರನ್ನೂ ಗೆಲ್ಸಿಲ್ಲ," ಎಂದರು. ಹಾರ ತಂದವರಿಗೆ ಅವಮಾನವಾಯಿತು. ವರ್ಷ ಕಳೆಯುವುದರೊಳಗೆ ಇವರು ಕೆಟ್ಟ ಸೇತುವೆಯೊಂದರ ಬಗ್ಗೆ ಗೆದ್ದವರನ್ನೂ ಅದೇ ದನಿಯಲ್ಲಿ ಕೇಳಿದಾಗ ಅವರೂ ದೂರವಾದರು. ಸೋತವರ ಕಡೆಯವರು ಇವರನ್ನು ಕಂಡರೆ ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದರು, ಗೆದ್ದವರ ಕಡೆಯವರು ಈಚೆ ಬದಿಯಲ್ಲೇ ನಿಂತು ಬೆನ್ನು ತಿರುಗಿಸುತ್ತಿದ್ದರು. ಕೇಬಲ್ ಮಾಲೀಕರಿಗೂ ಜಾಹೀರಾತು ಬೇಕು, ತಂತಿ ಎಳೆಯಲು ಸರಕಾರದ ಕರೆಂಟು ಕಂಬಗಳು ಬೇಕು. "ನೀವು ಬರೀರಿ ಸರ್, ಓದೋದು ಹುಡುಗರು ಓದ್ಲಿ," ಎಂದು ಮೆತ್ತಗೆ ಹೇಳಿದರು. ಅಷ್ಟರಲ್ಲಿ ರೇಡಿಯೋದ ವಾರದ ವರದಿಯೂ ನಿಂತಿತ್ತು. ಹೀಗೆ ಅವರ ದನಿ ಮೂರು ತಾಲ್ಲೂಕಿನಿಂದ ಹೋಯಿತು. ಯಾರೂ ಯಾಕೆ ಎಂದು ಕೇಳಲಿಲ್ಲ. ಆ ಹೊತ್ತಿಗೆ ಬೆಂಗಳೂರಿನ ಸುದ್ದಿ ವಾಹಿನಿಗಳು ಬಂದು ದಿನವಿಡೀ ಕೂಗಲು ಶುರುಮಾಡಿದ್ದವು.

ಫಲಿತಾಂಶದ ನಂತರದ ಭಾನುವಾರ ಅವರು ಹರಿಹರಪುರಕ್ಕೆ ಹೋಗಲಿಲ್ಲ. ಅದರ ಮುಂದಿನ ಭಾನುವಾರವೂ ಹೋಗಲಿಲ್ಲ. ಒಂದು ಭಾನುವಾರ ಮರೆತುಬಿಟ್ಟಿದ್ದ ಶಾಲು ತೆಗೆದುಕೊಳ್ಳಲು ನಾನು ಸ್ಟುಡಿಯೋಗೆ ಹೋದೆ. ರಜೆಯ ದಿನ, ಯಾರೂ ಇರಲಿಲ್ಲ. ಇವರು ವಾರ್ತೆ ಓದುವ ಮೇಜಿನ ಮುಂದೆ ಪೇಪರ್ ಹಾಸಿಕೊಂಡು ಬೇಕರಿಯ ಬನ್ನು ತಿನ್ನುತ್ತಿದ್ದರು. ಕ್ಯಾಮೆರಾಕ್ಕೆ ಮುಸುಕು ಹಾಕಿತ್ತು. ನನ್ನನ್ನು ನೋಡಿ ಬನ್ನನ್ನು ಪೇಪರಿನಲ್ಲಿ ಸುತ್ತಿಟ್ಟು, ಏನೋ ಬರೆಯುವವರ ಹಾಗೆ ಪೆನ್ನು ತೆಗೆದರು.

"ಊಟಕ್ಕೆ ಹೋಗ್ಲಿಲ್ವಾ ಸರ್?"

"ಆ ಮನೆಗೆ ಯಾವ ಮುಖ ಹೊತ್ಕೊಂಡು ಹೋಗ್ಲಿ ಮಾರಾಯ್ತಿ," ಎಂದರು.

ಮುಂದಿನ ವರ್ಷಗಳು ಹಾಗೇ ಕಳೆದವು. ವಾಸಣ್ಣ ಮತ್ತೆ ಚುನಾವಣೆಗೆ ನಿಲ್ಲಲಿಲ್ಲ. ಮಠದ ಹತ್ತಿರವೋ, ಸೊಸೈಟಿಯ ಎದುರೋ ಇಬ್ಬರೂ ಒಮ್ಮೊಮ್ಮೆ ಎದುರಾಗುತ್ತಿದ್ದರಂತೆ. ವಾಸಣ್ಣ ನಿಲ್ಲುತ್ತಿದ್ದರಂತೆ. ಇವರು ಕೊಡೆ ಬಿಚ್ಚಿಕೊಂಡು ಬೇಗ ಬೇಗ ದಾಟಿ ಹೋಗುತ್ತಿದ್ದರಂತೆ. ಇದು ನನಗೆ ಆಮೇಲೆ ಗೊತ್ತಾದದ್ದು.

ಒಂದು ಬೆಳಿಗ್ಗೆ ಸ್ಟುಡಿಯೋಗೆ ಫೋನ್ ಬಂತು. ವಾಸಣ್ಣ ತೋಟದಿಂದ ಬಂದು ಜಗಲಿಯಲ್ಲಿ ಕೂತವರು ಹಾಗೇ ಒರಗಿದರಂತೆ, ಎದೆನೋವು. ಇವರು ಫೋನ್ ಇಟ್ಟು ಬರೆಯಲು ಕೂತರು. ಎಷ್ಟೋ ಹೊತ್ತು ಕೂತರು. ಹಾಳೆಯ ಮೇಲೆ 'ಶ್ರೀ' ಎಂದು ಬರೆದದ್ದು ಬಿಟ್ಟರೆ ಮುಂದೆ ಏನೂ ಇರಲಿಲ್ಲ. ಕಡೆಗೆ, "ನೀನು ಬರಿ, ನನ್ನ ಕೈಯಲ್ಲಿ ಆಗಲ್ಲ," ಎಂದು ಎದ್ದರು. ಕ್ಯಾಮೆರಾದವನ ಜೊತೆ ನಾನು ಹೊರಟಾಗ ಅವರೂ ಬಂದು ಜೀಪಿನಲ್ಲಿ ಕೂತರು.

ಹರಿಹರಪುರದ ಅಂಗಳದಲ್ಲಿ ಜನ ತುಂಬಿದ್ದರು. ಇವರು ಇಳಿದ ಕೂಡಲೇ ಮಾತು ನಿಂತಿತು. ದಾರಿ ಬಿಟ್ಟವರೂ ಮುಖ ನೋಡದೆ ಬಿಟ್ಟರು. ಇವರು ಗೆಳೆಯನ ಕಾಲಿನ ಹತ್ತಿರ ಸ್ವಲ್ಪ ಹೊತ್ತು ನಿಂತರು, ಆಮೇಲೆ ಮನೆಯ ಹಿಂದಿನ ಕೊಟ್ಟಿಗೆಯ ಕಡೆ ಹೋದರು. ಅಲ್ಲಿ ಯಾರೂ ಇರಲಿಲ್ಲ. ಅವರೊಬ್ಬರನ್ನೇ ಬಿಡಲು ಮನಸ್ಸಾಗದೆ ನಾನೂ ಹಿಂದೆ ಹೋದೆ. ಒಳಗಿನ ಬಾಗಿಲಿನಿಂದ ಸರೋಜಕ್ಕ ಬಂದರು. ಅತ್ತು ಅತ್ತು ಕಣ್ಣು ಬತ್ತಿಹೋಗಿತ್ತು.

"ಈಗ ಬಂದ್ರಾ ಅಣ್ಣಯ್ಯ?"

"ಸರೋಜಾ, ನಾ ಅವತ್ತು ಹಾಗೆ ಕೇಳಬಾರ್ದಿತ್ತು."

"ಕೇಳಿದ್ದಕ್ಕೆ ನಾನು ಎಂತ ಹೇಳ್ಲಿಲ್ಲ," ಎಂದರು ಸರೋಜಕ್ಕ. ದನಿ ಎತ್ತರಿಸಲಿಲ್ಲ. "ಅವ್ರು ಹೇಳಿದ್ದು ಎರಡು ಮಾತೇ. ನಂಗೂ ಗೊತ್ತಿತ್ತು, ಅವ್ರಿಗೂ ಗೊತ್ತಿತ್ತು. ಕೇಳಿದ್ಮೇಲೆ ನೀವು ಮನೆಗೆ ಬರ್ಲಿಲ್ಲ. ಭಾನುವಾರ ಬಂತು ಅಂದ್ರೆ ಎಲೆ ಹಾಕು ಅಂತಿದ್ರು. ವರ್ಷಗಟ್ಟಲೆ ಹಾಕಿದ್ದೇನೆ."

ಇವರು ಕೊಟ್ಟಿಗೆಯ ಕಂಬ ಹಿಡಿದುಕೊಂಡರು. "ಅವನು ಬೈತಾನೆ ಅಂತ ಹೆದರಿಕೆ ಆಯ್ತು."

"ಬೈತಿದ್ರು. ಸಮಾ ಬೈತಿದ್ರು. ಬಂದು ಬೈಸ್ಕೊಂಡು ಉಂಡು ಹೋಗ್ಬೇಕಿತ್ತು."

ಅಷ್ಟು ಹೇಳಿ ಸರೋಜಕ್ಕ ಒಳಗೆ ಹೋದರು. ಇವರು ಅಲ್ಲೇ ನಿಂತರು. ಹೆಣ ಎತ್ತುವಾಗ ಯಾರೋ ಇವರನ್ನೂ ಕರೆದರು, ಹೆಗಲು ಕೊಡಲು ಹೋದರು. ಉಳಿದವರಿಗಿಂತ ಕುಳ್ಳಗಿದ್ದರು, ಚಟ್ಟದ ಬಿದಿರು ಅವರ ಹೆಗಲಿಗೆ ತಾಗುತ್ತಲೇ ಇರಲಿಲ್ಲ. ಆದರೂ ಕೈಯೆತ್ತಿ ಹಿಡಿದುಕೊಂಡು ತೋಟದ ಕೆಳಗಿನವರೆಗೆ ನಡೆದರು.

ಆ ತಿಂಗಳ ಕೊನೆಗೆ ಕೆಲಸ ಬಿಟ್ಟು, ಬಾಡಿಗೆ ಕೋಣೆಗಳನ್ನೂ ಬಿಟ್ಟು, ಶೆಟ್ಟಿಕೊಪ್ಪದಲ್ಲಿದ್ದ ತಂಗಿಯ ಮನೆಗೆ ಹೋದರು. ಸ್ವಲ್ಪ ದಿನದಲ್ಲೇ ಕೇಬಲ್ ವಾರ್ತೆಯೂ ನಿಂತಿತು, ನಾನು ಬಿ.ಎಡ್. ಮಾಡಿ ಬಾಳೆಹೊನ್ನೂರಿನಲ್ಲಿ ಶಾಲೆ ಸೇರಿದೆ. ಆಗಾಗ ಅವರಿಂದ ಫೋನ್ ಬರುತ್ತಿತ್ತು. ಆ ಫೋನುಗಳಿಂದಲೇ ನನಗೆ ಗೊತ್ತಾದದ್ದು, ಅವರು ಬೈಸಿಕೊಳ್ಳಲು ಹೊರಟಿದ್ದರು.

ತಮಾಷೆಗೆ ಹೇಳುತ್ತಿಲ್ಲ. ಇಷ್ಟು ವರ್ಷ ಯಾರ ಯಾರ ಬಗ್ಗೆ ಬರೆದು, ಓದಿ ನೋಯಿಸಿದ್ದರೋ ಅವರ ಮನೆಗಳಿಗೆ ಬಸ್ಸು ಹತ್ತಿ ಒಬ್ಬೊಬ್ಬರಾಗಿ ಹೋಗತೊಡಗಿದ್ದರು. ಬರೆದದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲು ಅಲ್ಲ. ಜಗಲಿಯಲ್ಲಿ ಕೂತು, "ನಾನು ಇಂಥಾ ಸಂಗತಿ ಬರೆದಿದ್ದೆ. ಅದು ನಿಜವೇ ಆಗಿತ್ತು. ಆದ್ರೆ ಆಮೇಲೆ ನಿಮ್ಮ ಮನೆ ಕಡೆ ಬರ್ಲಿಲ್ಲ. ಬೈಯೋದಿದ್ರೆ ಬೈದ್ಬಿಡಿ," ಎನ್ನುತ್ತಿದ್ದರಂತೆ. ಒಬ್ಬರು ಎದ್ದು ಬಾಗಿಲು ಹಾಕಿಕೊಂಡರು. ಒಬ್ಬರು ಬಾಯಿಗೆ ಬಂದದ್ದೆಲ್ಲ ಅಂದು, ಕೊನೆಗೆ ಹಲಸಿನ ಹಪ್ಪಳ ಕರಿಸಿ ಕಾಫಿ ಕೊಟ್ಟರು. ಆ ದಿನ ಫೋನಿನಲ್ಲಿ ಅವರ ದನಿ ಹಗುರವಾಗಿತ್ತು. ಆದರೆ ಹೆಚ್ಚಿನ ಕಡೆ ಆದದ್ದು ಬೇರೆ. ಶೃಂಗೇರಿಯಲ್ಲಿ ಹಿಂದೆ ತಾಲ್ಲೂಕು ಪಂಚಾಯ್ತಿ ಸದಸ್ಯರಾಗಿದ್ದ ಒಬ್ಬರ ಬಗ್ಗೆ, ಕಾಗದದಲ್ಲಿ ಮಾತ್ರ ಇದ್ದ ರಸ್ತೆಯ ವಿಚಾರ ಇವರು ಬರೆದು ದೊಡ್ಡ ಗದ್ದಲವಾಗಿತ್ತು. ಇವರು ಹೋಗಿ ಹೇಳಿದರೆ ಆತ ಸುಮಾರು ಹೊತ್ತು ಯೋಚಿಸಿ, "ಯಾವ ರಸ್ತೆ?" ಎಂದು ಕೇಳಿದರಂತೆ.

"ನೆನಪೇ ಇಲ್ಲ ಮಾರಾಯ್ತಿ," ಎಂದರು ನನ್ನ ಹತ್ತಿರ. "ನಾನು ಅದನ್ನ ಬರೆದು ನಿದ್ದೆ ಕೆಟ್ಟಿದ್ದೆ. ಆತಂಗೆ ಪಾಪ, ನೆನಪೇ ಇಲ್ಲ."

ನೆನಪಿಟ್ಟುಕೊಂಡಿದ್ದವಳು ಒಬ್ಬಳು ಸಿಕ್ಕಿದಳು. ಹುಡುಕಿಕೊಂಡು ಹೋಗಿರಲಿಲ್ಲ. ಶೆಟ್ಟಿಕೊಪ್ಪದಲ್ಲಿ ತಂಗಿಯ ಮನೆಗೆ ಅಡಿಕೆ ಸುಲಿಯಲು ಬರುತ್ತಿದ್ದ ಗಿರಿಜಮ್ಮ. ಅವಳು ಕಿಗ್ಗದ ಆಚೆ ಕಾಡಿನಿಂದ ಬಂದವಳು. ಹೊರಗೆ ಜಾಗ ಕೊಡುತ್ತೇವೆ ಎಂಬ ಮಾತು ನಂಬಿ ಬಂದ ಒಂದಷ್ಟು ಮನೆಯವರು ಊರ ಹೊರಗೆ ತಗಡಿನ ಶೆಡ್ಡು ಹಾಕಿಕೊಂಡು ವರ್ಷಗಳೇ ಆಗಿದ್ದವು. ಜಾಗದ ಹಕ್ಕುಪತ್ರ ಇನ್ನೂ ಬಂದಿರಲಿಲ್ಲ. ಗಿರಿಜಮ್ಮ ಇವರ ದನಿ ಕೇಳಿ ಕೈಯಲ್ಲಿದ್ದ ಅಡಿಕೆ ಕೆಳಗಿಟ್ಟಳಂತೆ.

"ನೀವಲ್ದಾ ವಾಸಣ್ಣಂಗೆ ನಮ್ಮ ವಿಚಾರ ಕೇಳಿದ್ದು? ಕಿಗ್ಗದ ಹೋಟ್ಲು ಟೀವೀಲಿ ನೋಡಿದ್ವಿ."

"ಹೌದು, ನಾನೇ."

"ಅದಕ್ಕೆ ಎಂತ ಉತ್ತರ ಬಂತು?"

"ಉತ್ತರ ಬರ್ಲಿಲ್ಲ."

"ಮತ್ತೆ ಆಮೇಲೆ ಯಾರ ಹತ್ರ ಕೇಳಿದ್ರಿ?"

ಇದನ್ನು ನನಗೆ ಫೋನಿನಲ್ಲಿ ಹೇಳಿ, ಉತ್ತರವನ್ನೂ ತಾವೇ ಹೇಳಿದರು. "ಯಾರ ಹತ್ರಾನೂ ಕೇಳ್ಲಿಲ್ಲ. ಆ ಪ್ರಶ್ನೆ ನೆನಪಾದ್ರೆ ವಾಸು ಮುಖ ಕಣ್ಣೆದುರು ಬರ್ತಿತ್ತು. ಸೇತುವೆ ಕೇಳ್ದೆ, ರಸ್ತೆ ಕೇಳ್ದೆ. ಅದೊಂದರ ಹತ್ರ ಹೋಗ್ಲಿಲ್ಲ. ನನ್ನ ಕಷ್ಟ ದೊಡ್ಡದು ಅಂದ್ಕೊಂಡು ಕೂತೆ. ಅವ್ರು ಶೆಡ್ಡಲ್ಲೇ ಇದ್ರು."

ನಾನು ಅವರನ್ನು ಕೊನೆಯ ಸಲ ನೋಡಿದ್ದು ಆ ದಶಕ ಮುಗಿಯುವ ಹೊತ್ತಿಗೆ, ನರಸಿಂಹರಾಜಪುರದಲ್ಲಿ. ಜನರ ಅಹವಾಲು ಕೇಳುವ ಸರಕಾರಿ ಸಭೆ, ಮೇಲಿನವರು ಬರುವವರಿದ್ದರು. ಪ್ರಾರ್ಥನೆಗೂ ರಾಷ್ಟ್ರಗೀತೆಗೂ ಹಾಡಲು ನಮ್ಮ ಶಾಲೆಯ ಹುಡುಗಿಯರನ್ನು ಕರೆದುಕೊಂಡು ನಾನು ವೇದಿಕೆಯ ಪಕ್ಕ ನಿಂತಿದ್ದೆ. ಸ್ವಾಗತ ಭಾಷಣ ಮುಗಿದು ಮುಖ್ಯ ಅತಿಥಿ ಮಾತು ಶುರುಮಾಡಿ, ಅಭಿವೃದ್ಧಿಯ ವಿಚಾರ ಹೇಳುತ್ತಿದ್ದಾಗ ಸಭೆಯ ನಡುವಿನಿಂದ ಒಬ್ಬರು ಎದ್ದು ನಿಂತರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಪಕ್ಕದಲ್ಲಿ ತಲೆಗೆ ವಸ್ತ್ರ ಕಟ್ಟಿದ್ದ ಹೆಂಗಸು, ಅವಳೇ ಗಿರಿಜಮ್ಮ ಎಂದು ಆಮೇಲೆ ತಿಳಿಯಿತು.

"ಕಿಗ್ಗದ ಕಾಡಿನಿಂದ ಹೊರಗೆ ಬಂದವರಿಗೆ ಜಾಗ ಎಲ್ಲಿ ಕೊಡುತ್ತೀರಿ? ಯಾವಾಗ ಕೊಡುತ್ತೀರಿ?"

ಮೈಕು ಇರಲಿಲ್ಲ. ದನಿ ಸ್ವಲ್ಪ ಒಡೆದಿತ್ತು. ಆದರೂ ಪೆಂಡಾಲಿನ ಕೊನೆಯವರೆಗೆ ಕೇಳಿಸಿತು. ಮುಖ್ಯ ಅತಿಥಿ ಹುಬ್ಬುಗಂಟಿಕ್ಕಿ ಕೆಳಗೆ ನೋಡಿದರು.

"ತಾವು ಯಾವ ಪತ್ರಿಕೆಯವರು?"

"ಯಾವುದೂ ಅಲ್ಲ. ಶೆಟ್ಟಿಕೊಪ್ಪದ ಮತದಾರ."

"ಕೂತ್ಕೊಳ್ಳಿ ಯಜಮಾನರೇ, ಕೊನೆಯಲ್ಲಿ ನೋಡೋಣ," ಎಂದು ಅತಿಥಿಗಳು ಭಾಷಣ ಮುಂದುವರಿಸಿದರು.

ಇವರು ಕೂರಲಿಲ್ಲ. ಪೊಲೀಸಿನವನೊಬ್ಬ ಬಂದು ಹೆಗಲ ಮೇಲೆ ಕೈಯಿಟ್ಟು ಏನೋ ಹೇಳಿದ, ಯಾರೆಂದು ಗುರುತು ಸಿಕ್ಕಿತೋ ಏನೋ, ಸುಮ್ಮನೆ ಹಿಂದಕ್ಕೆ ಹೋದ. ಗಿರಿಜಮ್ಮ ಅಂಗಿಯ ತುದಿ ಹಿಡಿದು ಎಳೆಯುತ್ತಿದ್ದಳು. "ಕೂತ್ಕಳಿ ಅಣ್ಣ, ಕಾಲು ನೋಯ್ತದೆ" ಎಂದಿರಬೇಕು. ಇವರು ಅವಳ ಕಡೆ ಬಗ್ಗಿ ಏನೋ ಹೇಳಿ ಮತ್ತೆ ನೆಟ್ಟಗಾದರು. ಹಿಂದೆ ಕೂತವರು ಕಾಣುವುದಿಲ್ಲ ಎಂದು ಗೊಣಗಿದರು. ಇನ್ನೊಬ್ಬರ ಭಾಷಣವಾಯಿತು, ಸನ್ಮಾನವಾಯಿತು, ಹಾರ ತುರಾಯಿ ಎಲ್ಲ ಆಯಿತು. ವಂದನಾರ್ಪಣೆಯೂ ಬಂತು. 'ಕೊನೆಯಲ್ಲಿ ನೋಡೋಣ' ಎಂದವರು ಆಗಲೇ ಶಾಲು ಸರಿಮಾಡಿಕೊಂಡು ಹೊರಡುವ ಅವಸರದಲ್ಲಿದ್ದರು. ಹುಡುಗಿಯರು ನನ್ನ ಮುಖ ನೋಡಿದರು. ಶುರು ಮಾಡಿ ಎಂದು ನಾನು ಕೈಸನ್ನೆ ಮಾಡಲೇಬೇಕಾಯಿತು.

ರಾಷ್ಟ್ರಗೀತೆಗೆ ಇಡೀ ಸಭೆ ಎದ್ದು ನಿಂತಿತು. ಅಷ್ಟು ಹೊತ್ತು ಒಬ್ಬರೇ ನಿಂತಿದ್ದವರು ಆ ಜನರ ನಡುವೆ ನನಗೆ ಮತ್ತೆ ಕಾಣಿಸಲಿಲ್ಲ.